ಬೇಯಿಸಿ ಹಾಕ್ರಿ, ಅಳೆದು ಹಾಕ್ರಿ

ಭಾಗ 1/10: ಮೊದಲ ಜಗಳ

ದೋಸ್ತರೇ, ಈ ಸರಣಿ ಓದಿ ಕೆಲವರು ಅನ್‌ಫಾಲೋ ಮಾಡ್ತೀರಿ. ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಹತ್ತೂ ಭಾಗ ಓದಿ ಆಮ್ಯಾಲ ಮಾಡ್ರಿ.

ಈಗೀಗ ನನ್ನ ಫೀಡ್ ತುಂಬ ಒಂದೇ ನಮೂನಿ ರೀಲ್. ಸ್ಟೀಲ್ ಬಟ್ಟಲು, ಅದರಾಗ ಹಸಿ ಕೋಳಿ ಕುತ್ತಿಗೆ, ಹಸಿ ಕಲೇಜಿ, ಮ್ಯಾಲೆ ಒಂದು ಹಸಿ ತತ್ತಿ. ಹಿಂದ ಜೋರು ಮ್ಯೂಸಿಕ್. ಕೆಳಗ ಕ್ಯಾಪ್ಶನ್: "ನಾಯಿ ಅಂದ್ರ ತೋಳ. ತೋಳ ಕುಕ್ಕರ್ ಇಡ್ತೈತೇನು?" ಟಿಳಕವಾಡಿಯಿಂದ ಒಬ್ಬರು ಹಾಕಿದ್ರ ಮರುದಿನ ಅನಗೋಳದಿಂದ ಇನ್ನೊಬ್ಬರು, ಮೂರನೇ ದಿನ ಖಾನಾಪುರದಿಂದ ಮತ್ತೊಬ್ಬರು. ಲೈಕ್ ಸಾವಿರ ದಾಟತಾವ.

ನನ್ನ ಮಾತು ಸೀದಾ ಐತಿ. ನಮ್ಮ ಊರಾಗ, ನಮ್ಮ ಮನಿಗಳಾಗ, ನಾಯಿಗೆ ಹಸಿ ಮಾಂಸ ಹಾಕೋದು ತಪ್ಪು. "ಮನಿ ಊಟ ಹಾಕ್ತೀನಿ" ಅಂತ ನಿನ್ನೆ ಉಳಿದ ಅನ್ನ-ಸಾರು ಸುರಿಯೋದೂ ತಪ್ಪು. ಎರಡಕ್ಕೂ ಉತ್ತರ ಒಂದೇ: ಬೇಯಿಸಿ ಹಾಕ್ರಿ, ಅಳೆದು ಹಾಕ್ರಿ.

ನಾನೇನು ಪ್ಯಾಕೆಟ್ ಫುಡ್ ಕಂಪನಿ ಏಜೆಂಟ್ ಅಲ್ಲ. ಮನೆಯಲ್ಲಿ ಮಾಡಿದ ಊಟವೇ ನನಗೂ ಇಷ್ಟ. ಅದಕ್ಕಾಗಿಯೇ ಈ ಸಿಟ್ಟು. ಮನೆ ಊಟ ಅನ್ನೋ ಒಳ್ಳೆ ಮಾತನ್ನು ಹಿಡಕೊಂಡು, ಬೇರೆ ದೇಶದ ಒಂದು ಫ್ಯಾಶನ್ ನಮ್ಮ ಅಡಿಗಿಮನಿಗೆ ಬಂದು ಕೂತೈತಿ. ಅದರ ಬೆಲೆ ಕೊಡೋದು ಬರೀ ನಾಯಿ ಆಗಿದ್ರ ಇಷ್ಟುದ್ದ ಬರೀತಿದ್ದಿಲ್ಲ. ಮನೆಯ ಸಣ್ಣ ಕೂಸು, ವಯಸ್ಸಾದ ಅಜ್ಜಿ, ಕೋಟೆ ಸುತ್ತ ಬೀದಿಯಲ್ಲಿ ಬದುಕೋ ನಾಯಿಗಳು, ಖಾನಾಪುರ ಕಡೆಯ ಕುರಿಗಾರರ ಮನೆ, ಎಲ್ಲರೂ ಕೊಡ್ತಾರ.

ಒಂದೊಂದಾಗಿ ಹೇಳ್ತೀನಿ.

ಭಾಗ 2/10: "ನಾಯಿ ಅಂದ್ರ ತೋಳ"

ಈ ಮಾತಿನಿಂದಲೇ ಶುರು ಮಾಡೋಣ. ಎಲ್ಲಾ ರೀಲ್‌ನ ಬುನಾದಿ ಇದೇ.

ನಾಯಿ ತೋಳದ ಕುಲದ್ದು, ಖರೆ. ಆದರೆ ಮನುಷ್ಯರ ಜೊತೆ ಬಂದು ಎಷ್ಟೋ ಸಾವಿರ ವರ್ಷ ಆಯಿತು. ಆ ವರ್ಷಗಳಲ್ಲಿ ನಾಯಿ ನಮ್ಮ ಮನೆ ಕಾಯೋದನ್ನಷ್ಟೇ ಕಲಿಯಲಿಲ್ಲ, ನಮ್ಮ ಕಾಳು ಅರಗಿಸಿಕೊಳ್ಳೋದನ್ನೂ ಕಲಿಯಿತು. ಇದು ಬಾಯಿಮಾತಲ್ಲ. 2013ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಸ್ವೀಡನ್ನಿನ ವಿಜ್ಞಾನಿ ಎರಿಕ್ ಆಕ್ಸೆಲ್ಸನ್ ಮತ್ತು ಸಂಗಡಿಗರ ಅಧ್ಯಯನ ಬಂತು. 12 ತೋಳಗಳು, 14 ತಳಿಗಳ 60 ನಾಯಿಗಳು, ಇವುಗಳ ಜೀನ್ ಹೋಲಿಸಿ ನೋಡಿದರು. ಪಿಷ್ಟ, ಅಂದ್ರ ಅನ್ನ-ರೊಟ್ಟಿಯ ಸ್ಟಾರ್ಚ್, ಅದನ್ನು ಒಡೆಯೋ ಅಮೈಲೇಸ್ ಎಂಬ ಕಿಣ್ವ ತಯಾರಿಸೋ ಜೀನಿಗೆ ಎಎಂವೈ2ಬಿ ಅಂತ ಹೆಸರು. ತೋಳದಲ್ಲಿ ಅದರ ಪ್ರತಿಗಳು 2. ನಾಯಿಯಲ್ಲಿ 4ರಿಂದ 30ರವರೆಗೆ.

ಇದರ ಅರ್ಥ ಏನು? ನಾಯಿಯ ಹೊಟ್ಟೆ ರೊಟ್ಟಿಯ ಜೊತೆ ಬದಲಾಗಿದೆ. ಹೊಲ ಮಾಡೋ ಮಂದಿ ಮನಿ ಮುಂದ ಬಿದ್ದಿದ್ದನ್ನ ತಿಂದು ಬದುಕಿದ ನಾಯಿಗಳ ಮಕ್ಕಳು, ಮೊಮ್ಮಕ್ಕಳು ಇವು. ತೋಳಕ್ಕೆ ಆಗದ್ದು ಇವಕ್ಕೆ ಆಗುತ್ತದೆ.

ಇನ್ನೊಂದು ಮಾತು. ಕಾಡಿನ ತೋಳ ಏನು ತಿಂದರೆ ಬದುಕುತ್ತದೆ ಅನ್ನೋದು ಒಂದು ಪ್ರಶ್ನೆ. ಮನೆಯ ನಾಯಿ ಏನು ತಿಂದರೆ 12-13 ವರ್ಷ ಆರೋಗ್ಯವಾಗಿ ಇರುತ್ತದೆ ಅನ್ನೋದು ಬೇರೆ ಪ್ರಶ್ನೆ. ಕಾಡಿನಲ್ಲಿ ತೋಳದ ಮರಿಗಳು ಎಷ್ಟೋ ದೊಡ್ಡವಾಗೋದೇ ಇಲ್ಲ. ಹೊಟ್ಟೆ ತುಂಬ ಹುಳ ಇಟ್ಟುಕೊಂಡೇ ಓಡಾಡುತ್ತವೆ. ನಿಮ್ಮ ಲ್ಯಾಬ್ರಡಾರ್‌ಗೆ ಆ ಬದುಕು ಬೇಕೇನು? ಸೋಫಾ ಮ್ಯಾಲೆ ಮಲಗಿಸಿ, ಶಾಂಪೂ ಹಾಕಿ, ಬರ್ತ್‌ಡೇ ಕೇಕ್ ಕತ್ತರಿಸಿ, ಊಟದ ಹೊತ್ತಿಗೆ ಮಾತ್ರ "ಅದು ತೋಳ" ಅಂದ್ರ ಹೆಂಗ?

ಭಾಗ 3/10: ಪಕ್ಕದ ಜಿಲ್ಲೆಯ ನಾಯಿ

ಹಸಿ ಮಾಂಸ ಇಲ್ಲದೆ ನಾಯಿ ಗಟ್ಟಿ ಆಗಂಗಿಲ್ಲ ಅನ್ನೋರು ಬೆಳಗಾವಿಯಿಂದ ಬಸ್ ಹತ್ತಿ ಬಾಗಲಕೋಟೆ ಜಿಲ್ಲೆಯ ಮುಧೋಳಕ್ಕೆ ಹೋಗಿ ಬರ್ರಿ.

ಮುಧೋಳ ನಾಯಿ ಗೊತ್ತಲ್ಲ? ಸಪೂರ ಮೈ, ಉದ್ದ ಕಾಲು, ಗಾಳಿಯಂಥ ಓಟ. 2005ರ ಜನವರಿಯಲ್ಲಿ ಅಂಚೆ ಇಲಾಖೆ ನಾಲ್ಕು ದೇಶಿ ತಳಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಇದೂ ಒಂದು. ಮೀರತ್‌ನಲ್ಲಿರುವ ಸೇನೆಯ ಕೇಂದ್ರಕ್ಕೂ ತರಬೇತಿಗೆ ಮರಿಗಳು ಹೋದವು. ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ್ದೇ ಒಂದು ಶ್ವಾನ ಸಂಶೋಧನಾ ಕೇಂದ್ರ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿದೆ.

ಈ ಓಟಗಾರ ನಾಯಿಯನ್ನು ಅಲ್ಲಿಯ ರೈತರ ಮನೆಗಳಲ್ಲಿ ಏನು ಹಾಕಿ ಸಾಕುತ್ತ ಬಂದರು? ಜೋಳ, ಗೋವಿನಜೋಳ, ಗೋಧಿಯ ನುಚ್ಚು-ಗಂಜಿ, ಬ್ಯಾಳಿ, ಹಾಲು, ಕೈಗೆ ಸಿಕ್ಕಾಗ ತತ್ತಿ. ಬೇಟೆಗೆ ಹೋದಾಗ ಮೊಲದ ಪಾಲು ಸಿಕ್ಕಿರಬಹುದು, ಅದು ದಿನದ ಊಟ ಆಗಿರಲಿಲ್ಲ. ದಿನದ ಊಟ ಒಲೆ ಮ್ಯಾಲಿಂದ ಬಂದದ್ದು.

ಹಂಗಾದ್ರ "ಹಸಿ ಮಾಂಸವೇ ನಾಯಿಯ ಮೂಲ ಆಹಾರ" ಅನ್ನೋ ಪಾಠ ಎಲ್ಲಿಂದ ಬಂತು? ಇದನ್ನು ಜನಪ್ರಿಯ ಮಾಡಿದವರಲ್ಲಿ ಮುಖ್ಯ ಹೆಸರು ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್. 1993ರಲ್ಲಿ 'ಗಿವ್ ಯುವರ್ ಡಾಗ್ ಎ ಬೋನ್' ಅಂತ ಪುಸ್ತಕ ಬರೆದರು. ಹಸಿ ಮಾಂಸ, ಹಸಿ ಎಲುಬು, ತರಕಾರಿ, ಇದಕ್ಕೇ ಮುಂದೆ 'ಬಾರ್ಫ್' ಅಂತ ಹೆಸರು ಬಿತ್ತು. ಆ ಪುಸ್ತಕದ ಹಿಂದಿನ ಊರು ಬೇರೆ. ಅಲ್ಲಿ ಮಾಂಸ ಕೊಯ್ದ ಜಾಗದಿಂದ ಮನೆ ಫ್ರಿಜ್‌ವರೆಗೆ ತಣ್ಣಗೇ ಬರುತ್ತದೆ. ನಮ್ಮಲ್ಲಿ ಅಂಗಡಿ ಮುಂದೆ ತೂಗುಹಾಕಿ, ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬೈಕ್ ಹ್ಯಾಂಡಲ್‌ಗೆ ಸಿಕ್ಕಿಸಿ ಏಪ್ರಿಲ್ ಬಿಸಿಲಲ್ಲಿ ತರುತ್ತೇವೆ. ಇಷ್ಟಾದರೂ ಅಲ್ಲಿಯ ಪಶುವೈದ್ಯರೇ ಹಸಿ ಮಾಂಸಕ್ಕೆ ಬೇಡ ಅನ್ನುತ್ತಿದ್ದಾರೆ. ಅಮೆರಿಕದ ಪಶುವೈದ್ಯರ ಸಂಘ 2012ರಲ್ಲೇ ಅಧಿಕೃತವಾಗಿ ಹೇಳಿತು.

ಭಾಗ 4/10: ಬಟ್ಟಲದಾಗ ಕಾಣದ್ದು

"ಫ್ರೆಶ್ ಐತಿ, ಬೆಳಿಗ್ಗೇನ ಕೊಯ್ದದ್ದು" ಅಂತೀರಿ. ಫ್ರೆಶ್ ಅಂದ್ರ ವಾಸನೆ ಬರಂಗಿಲ್ಲ ಅಂತಷ್ಟೇ. ಸಾಲ್ಮೊನೆಲ್ಲಾ ಇಲ್ಲ ಅಂತಲ್ಲ.

ನೆದರ್‌ಲ್ಯಾಂಡ್ಸ್‌ನಲ್ಲಿ ಅಂಗಡಿಯಲ್ಲಿ ಮಾರುವ, ಫ್ರೀಜ್ ಮಾಡಿದ ಹಸಿ ಮಾಂಸದ ನಾಯಿ-ಬೆಕ್ಕಿನ ಆಹಾರ ತಂದು ಪರೀಕ್ಷೆ ಮಾಡಿದರು. 8 ಬ್ರಾಂಡ್, 35 ಪ್ಯಾಕೆಟ್. 2018ರಲ್ಲಿ ಫಲಿತಾಂಶ ಬಂತು. 20%ರಲ್ಲಿ ಸಾಲ್ಮೊನೆಲ್ಲಾ. 23%ರಲ್ಲಿ ಇ. ಕೋಲೈ ಒ157. 54%ರಲ್ಲಿ ಲಿಸ್ಟೀರಿಯಾ. ಮತ್ತೆ 80%ರಲ್ಲಿ ಹಲವು ಆಂಟಿಬಯಾಟಿಕ್‌ಗೆ ಬಗ್ಗದ ಇ. ಕೋಲೈ. ಇದಕ್ಕೂ ಮೊದಲು ಅಮೆರಿಕದ ಎಫ್‌ಡಿಎ 196 ಹಸಿ ಆಹಾರದ ಮಾದರಿ ನೋಡಿದಾಗ 15ರಲ್ಲಿ ಸಾಲ್ಮೊನೆಲ್ಲಾ, 32ರಲ್ಲಿ ಲಿಸ್ಟೀರಿಯಾ ಸಿಕ್ಕಿತ್ತು. ಇವೆಲ್ಲ ಲೇಬಲ್ ಹಚ್ಚಿದ, ಫ್ರೀಜರ್‌ನಲ್ಲಿ ಇಟ್ಟ ಮಾಲು. ನಮ್ಮ ಕಪ್ಪು ಚೀಲದ ಬಗ್ಗೆ ನೀವೇ ಯೋಚಿಸ್ರಿ.

ಈಗ ಮುಖ್ಯ ಮಾತು. ಸಾಲ್ಮೊನೆಲ್ಲಾ ಇರೋ ಮಾಂಸ ತಿಂದ ನಾಯಿಗೆ ಎಷ್ಟೋ ಸಲ ಏನೂ ಆಗುವುದಿಲ್ಲ. ಬಾಲ ಅಲ್ಲಾಡಿಸ್ಕೋತ ಆರಾಮ ಇರತೈತಿ. ಆದರೆ ಅದರ ಸಗಣಿಯಲ್ಲಿ ಬ್ಯಾಕ್ಟೀರಿಯಾ ಹೊರಗೆ ಬೀಳುತ್ತಲೇ ಇರುತ್ತದೆ. ಅದೇ ನಾಯಿ ಹಿಂದೆ ನೆಕ್ಕಿಕೊಂಡು, ಬಂದು ಮನಿ ಕೂಸಿನ ಕೈ ನೆಕ್ಕುತ್ತದೆ.

ನಮ್ಮ ಮನೆಗಳು ಹೆಂಗದಾವ? ಒಂದೇ ಅಡಿಗಿಮನಿ, ಒಂದೇ ಮೋರಿ, ಒಂದೇ ನಲ್ಲಿ. ಹಸಿ ಕೋಳಿ ತೊಳೆದ ನೀರು ಸಿಡಿಯೋದು ಅಲ್ಲೇ ಇಟ್ಟ ಲೋಟದ ಮ್ಯಾಲೆ. ನಾಯಿ ಬಟ್ಟಲು ತಿಕ್ಕೋದು ಅದೇ ನಾರಿನಿಂದ. ಆ ಬಟ್ಟಲು ಯಾರು ತಿಕ್ಕತಾರ? ರೀಲ್ ಮಾಡಿದ ಹುಡುಗ ತಿಕ್ಕಂಗಿಲ್ಲ. ಅವ್ವ ತಿಕ್ಕತಾಳ, ಇಲ್ಲಾ ಕೆಲಸಕ್ಕ ಬರೋ ಅಕ್ಕ ತಿಕ್ಕತಾಳ. ಆಮೇಲೆ ಜ್ವರ, ಭೇದಿ ಬಂದದ್ದು ಐದು ವರ್ಷದೊಳಗಿನ ಕೂಸಿಗೋ, ಬಸುರಿ ಹೆಣ್ಣುಮಗಳಿಗೋ, ಶುಗರ್ ಇರೋ ಅಜ್ಜಿಗೋ ಆದರೆ ಅದು ಎರಡು ದಿನದ ಹೊಟ್ಟೆನೋವಾಗಿ ಮುಗಿಯದೆ ಇರಬಹುದು. ಆಗ ಯಾರೂ ನಾಯಿ ಬಟ್ಟಲನ್ನು ನೆನಪಿಸಿಕೊಳ್ಳೋದಿಲ್ಲ. "ಹೊರಗ ಪಾನಿಪೂರಿ ತಿಂದಿರಬೇಕು" ಅಂತಾರ.

ಭಾಗ 5/10: ಖಾನಾಪುರದ ಹಳ್ಳಿ, ಜಾತ್ರಿ, ಕಲೇಜಿಯ ಗುಳ್ಳೆ

ಈ ಭಾಗ ಖಾನಾಪುರ ಕಡೆಯ ದೋಸ್ತರಿಗೆ. ದಯವಿಟ್ಟು ಮನಿಯಾಗೂ ಓದಿ ಹೇಳ್ರಿ.

ಕುರಿ-ಆಡು ಕೊಯ್ದಾಗ ಕೆಲವೊಮ್ಮೆ ಕಲೇಜಿಯಲ್ಲಿ ಅಥವಾ ಪುಪ್ಪುಸದಲ್ಲಿ ನೀರು ತುಂಬಿದ ಬಿಳಿ ಗುಳ್ಳೆ ಕಾಣುತ್ತದೆ. "ಇದು ಚಲೋ ಇಲ್ಲ" ಅಂತ ಕೊಯ್ಯೋರು ಆ ತುಂಡು ಕತ್ತರಿಸಿ ಬದಿಗೆ ಒಗೆಯುತ್ತಾರೆ. ಬದಿಗೆ ಯಾರು ಕೂತಿರತಾರ? ನಾಯಿ.

ಆ ಗುಳ್ಳೆಗೆ ಹೈಡಾಟಿಡ್ ಅಂತಾರೆ. ಅದರೊಳಗೆ ಎಕಿನೊಕಾಕಸ್ ಎಂಬ ಲಾಡಿಹುಳದ ಮರಿಗಳಿರುತ್ತವೆ. ನಾಯಿ ಹಸಿಯಾಗಿ ತಿಂದರೆ ಅದರ ಕರುಳಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಹುಳಗಳಾಗಿ ಬೆಳೆಯುತ್ತವೆ. ನಾಯಿಗೆ ಹೆಚ್ಚುಕಡಿಮೆ ಏನೂ ಗೊತ್ತಾಗೋದಿಲ್ಲ. ಹುಳದ ತತ್ತಿಗಳು ಸಗಣಿಯಲ್ಲಿ ಬಂದು ಹುಲ್ಲಿಗೆ, ಮಣ್ಣಿಗೆ, ತರಕಾರಿಗೆ, ನಾಯಿಯ ಕೂದಲಿಗೇ ಅಂಟುತ್ತವೆ. ಹುಲ್ಲು ತಿಂದ ಕುರಿಗೆ ಮತ್ತೆ ಗುಳ್ಳೆ. ನಾಯಿ ಮೈ ಸವರಿ ಕೈ ತೊಳೆಯದೆ ರೊಟ್ಟಿ ತಿಂದ ಹುಡುಗನಿಗೂ ಗುಳ್ಳೆ. ಅವನ ಲಿವರ್‌ನಲ್ಲಿ, ಪುಪ್ಪುಸದಲ್ಲಿ ಅದು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಎಷ್ಟೋ ಸಲ ಆಪರೇಶನ್ನೇ ಬೇಕಾಗುತ್ತದೆ. ಗುಳ್ಳೆ ಒಳಗೇ ಒಡೆದರೆ ಜೀವಕ್ಕೇ ಅಪಾಯ. ಜಗತ್ತಿನಲ್ಲಿ ಯಾವುದೇ ಹೊತ್ತಿನಲ್ಲಿ 10 ಲಕ್ಷಕ್ಕೂ ಹೆಚ್ಚು ಮಂದಿ ಎಕಿನೊಕಾಕಸ್‌ನ ಕಾಯಿಲೆಗಳಿಂದ ನರಳುತ್ತಿರುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಈ ಚಕ್ರ ತಿರುಗಲು ಬೇಕಾದದ್ದು ಮೂರೇ: ಕುರಿ, ನಾಯಿ, ನಾಯಿಗೆ ಸಿಗೋ ಹಸಿ ಬೋಟಿ. ನಮ್ಮ ಕಡೆ ಮೂರೂ ಒಂದೇ ಅಂಗಳದಾಗ ಅದಾವ. ಊರ ಜಾತ್ರಿ, ಮದುವಿ, ಹಬ್ಬ ಅಂದ್ರ ಮನಿ ಹಿತ್ತಲದಾಗೇ ಕೊಯ್ಯೋದು. ಅಲ್ಲಿ ಕಲೇಜಿ ನೋಡಿ ಬೇರೆ ಮಾಡೋ ಡಾಕ್ಟರ್ ಇರಂಗಿಲ್ಲ.

ಚಕ್ರ ಮುರಿಯೋದೂ ಸಸಾರ. ಬೋಟಿ, ಕಲೇಜಿ ಹಾಕಲೇಬೇಕಂದ್ರ ಅರ್ಧ-ಮುಕ್ಕಾಲು ತಾಸು ಕುದಿಸಿ ಹಾಕ್ರಿ. ಇಲ್ಲಾ ನಾಯಿ ಕೆದರದಷ್ಟು ಆಳವಾಗಿ ಹುಗೀರಿ. ಪಶುವೈದ್ಯರ ಹತ್ತಿರ ಹೋಗಿ ಲಾಡಿಹುಳಕ್ಕೆ ಪ್ರಾಜಿಕ್ವಾಂಟೆಲ್ ಇರೋ ಗುಳಿಗೆ ತೂಕ ನೋಡಿ ಹಾಕಿಸ್ರಿ. ಎಲ್ಲಾ ಹುಳದ ಗುಳಿಗೆಯಲ್ಲೂ ಅದು ಇರಂಗಿಲ್ಲ, ಕೇಳಿ ಹಾಕಿಸ್ರಿ.

ಇಷ್ಟು ತಿಳಿದ ಮ್ಯಾಲೂ ಬೆಳಗಾವಿಯ ಫ್ಲ್ಯಾಟ್‌ನಲ್ಲಿ ಕೂತು "ಹಸಿ ಕಲೇಜಿ ಸೂಪರ್‌ಫುಡ್" ಅಂತ ಪೋಸ್ಟ್ ಹಾಕೋರನ್ನ ನೋಡಿದ್ರ ಸಿಟ್ಟು ಬರತೈತಿ. ಖಾನಾಪುರದ ಹುಡುಗನೂ ಆ ಪೋಸ್ಟ್ ನೋಡತಾನ.

ಭಾಗ 6/10: ಕೋಟೆಯ ಕಂದಕದ ಹತ್ತಿರ

ಇದು ನಮ್ಮದೇ ಗೆಳೆಯರ ಜೊತೆ ಜಗಳ. ನಾಯಿ ಪ್ರೀತಿ ಮಾಡೋರ ಜೊತೆ.

ಕೋಟೆ ಅಂದ್ರ ನಮಗೆಲ್ಲ ಏನು? ಕಮಲ ಬಸದಿ, ಸಫಾ ಮಸೀದಿ, ಬಾಗಿಲ ಹತ್ತಿರದ ದುರ್ಗಾ ಗುಡಿ, ಪಕ್ಕದ ಕೆರೆ. 1204ರಲ್ಲಿ ರಟ್ಟರ ಬೀಚಿರಾಜ ಕಟ್ಟಿಸಿದ್ದು ಅಂತ ಶಾಲೆಯಲ್ಲಿ ಓದಿದ ಜಾಗ. ಬೆಳಿಗ್ಗೆ ವಾಕಿಂಗ್‌ಗೆ ಬರೋ ಅಜ್ಜಂದಿರು, ಶಾಲೆ ಮಕ್ಕಳು, ಸೆಲ್ಫಿ ತೆಗೆಯೋ ನಾವು. ಜೊತೆಗೆ ನಾಯಿಗಳು.

ಆ ನಾಯಿಗಳಿಗೆ ಊಟ ಹಾಕೋದು ಪುಣ್ಯದ ಕೆಲಸ ಅಂತ ನಾನೂ ಒಪ್ಪುತ್ತೇನೆ. ಆದ್ರ ಏನು ಹಾಕ್ತೀರಿ? ಕೋಳಿ ಅಂಗಡಿಯಿಂದ ಪುಕ್ಕಟೆ ಸಿಗೋ ಕರುಳು, ತಲೆ, ಕಾಲು, ಚರ್ಮ. ಒಂದು ಚೀಲ ತಂದು ಕಂದಕದ ಬದಿಗೆ, ರಸ್ತೆ ಅಂಚಿಗೆ ಸುರಿದು ಹೋಗೋದು. ಅದನ್ನೂ "ರಾ ಫೀಡಿಂಗ್ ಫಾರ್ ಸ್ಟ್ರೇಸ್" ಅಂತ ಸ್ಟೋರಿ ಹಾಕೋದು.

ಅದು ಊಟವೇ ಅಲ್ಲ. ಅಂಗಡಿಯವರಿಗೆ ಬೇಡವಾದ ಕಸವನ್ನು ಅವರ ಬದಲು ನೀವು ಸಾಗಿಸುತ್ತಿದ್ದೀರಿ. ನಾಯಿಗಳು ತಿಂದು ಉಳಿದದ್ದು ಅಲ್ಲೇ ಕೊಳೆಯುತ್ತದೆ. ಇಲಿ, ಕಾಗೆ, ನೊಣ ಬರುತ್ತವೆ. ಗುಡ್ಡೆ ಮಾಡಿ ಸುರಿದ ಮಾಂಸಕ್ಕೆ ಎಲ್ಲ ಓಣಿಗಳ ನಾಯಿಗಳು ಸೇರುತ್ತವೆ, ಪಾಲಿಗಾಗಿ ಕಚ್ಚಾಡುತ್ತವೆ. ಅದೇ ಹೊತ್ತಿಗೆ ಒಂದು ಹುಡುಗ ಸೈಕಲ್ ಮ್ಯಾಲೆ ಬಂದ ಅಂದ್ಕೋರಿ. ಮುಂದಿನದು ಹೇಳಬೇಕೇನು?

ಈಗ ಕಾಲವೂ ನಾಯಿಗಳ ಪರ ಇಲ್ಲ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಹೇಳಿದ್ದು ನೆನಪಿದೆಯಾ? ಹಿಡಿದ ನಾಯಿಗೆ ಸಂತಾನಹರಣ ಮಾಡಿ, ಹುಳದ ಔಷಧಿ, ಲಸಿಕೆ ಹಾಕಿ ಅದೇ ಜಾಗಕ್ಕೆ ಬಿಡಬೇಕು, ಹುಚ್ಚು ಹಿಡಿದದ್ದು, ಮ್ಯಾಲೆ ಬೀಳೋ ಸ್ವಭಾವದ್ದು ಬಿಟ್ಟು. ರಸ್ತೆಯಲ್ಲಿ ಎಲ್ಲೆಂದರಲ್ಲಿ ಊಟ ಹಾಕುವಂತಿಲ್ಲ, ಪ್ರತಿ ವಾರ್ಡಿನಲ್ಲಿ ಅದಕ್ಕೇ ಜಾಗ ಗುರುತಿಸಬೇಕು. ನವೆಂಬರ್ 7ರ ಆದೇಶ ಇನ್ನೂ ಬಿಗಿ: ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದ ಆವರಣದಿಂದ ನಾಯಿಗಳನ್ನು ತೆಗೆಯಬೇಕು.

ಇಂಥ ಹೊತ್ತಿನಲ್ಲಿ ಕೋಟೆ ಬದಿಗೆ ನೀವು ಸುರಿಯೋ ಒಂದು ಚೀಲ ಹಸಿ ಕರುಳು, ನಾಯಿಗಳನ್ನು ಇಲ್ಲಿಂದ ಎಬ್ಬಿಸಬೇಕು ಅನ್ನೋರ ಕೈಗೆ ಕೊಡೋ ಫೋಟೋ. ನಿಮ್ಮ ಸ್ಟೋರಿ 24 ತಾಸಿಗೆ ಹೋಗತೈತಿ. ನಾಯಿ ಅಲ್ಲೇ ಇರತೈತಿ, ಕಲ್ಲು ತಿನ್ನಾಕ.

ಹಾಕೋದಾದ್ರ ಅನ್ನ-ಕೋಳಿ ಬೇಯಿಸಿ, ಗುರುತಿಸಿದ ಜಾಗದಾಗ, ದಿನಾ ಒಂದೇ ಹೊತ್ತಿಗೆ, ಬೇರೆ ಬೇರೆ ತಟ್ಟೆಯಾಗ ಹಾಕ್ರಿ. ತಿಂದಾದ ಮ್ಯಾಲೆ ತಟ್ಟೆ ಎತ್ತಿಕೊಂಡು ಬರ್ರಿ. ಮೊದಲು ಲಸಿಕೆ, ಆಮ್ಯಾಲ ಊಟದ ರೀಲ್.

ಭಾಗ 7/10: ಈಗ ನಮ್ಮ ಮನಿ ಸಾರಿನ ಸರದಿ

ಇಲ್ಲಿವರೆಗೂ ಖುಷಿಯಿಂದ ತಲೆ ಆಡಿಸಿದ "ನಮ್ಮ ಮನ್ಯಾಗ ಹಸಿ ಹಾಕಂಗೇ ಇಲ್ರಿ, ಅನ್ನ-ಸಾರು ಅಷ್ಟ" ಅನ್ನೋರು ಸ್ವಲ್ಪ ತಡೀರಿ.

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಪಶುವೈದ್ಯರು ಪುಸ್ತಕ, ವೆಬ್‌ಸೈಟ್‌ಗಳಿಂದ ನಾಯಿಯ ಮನೆ ಊಟದ 200 ರೆಸಿಪಿ ತೆಗೆದುಕೊಂಡು ಲೆಕ್ಕ ಹಾಕಿದರು. 2013ರಲ್ಲಿ ಪ್ರಕಟವಾಯಿತು. 200ರಲ್ಲಿ 190 ರೆಸಿಪಿಗಳಲ್ಲಿ ಒಂದಾದರೂ ಪೋಷಕಾಂಶ ಸಾಲದು. ಕೆಲವನ್ನು ಪಶುವೈದ್ಯರೇ ಬರೆದಿದ್ದರು. ಹಂಗಿದ್ದಾಗ ನಿನ್ನೆ ಉಳಿದ ಅನ್ನ-ಸಾರಿನ ಗತಿ?

ಕ್ಯಾಲ್ಸಿಯಂ ಒಂದನ್ನೇ ನೋಡ್ರಿ. 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ ಸುಮಾರು 28 ಮಿಲಿಗ್ರಾಂ. ಎಲುಬಿಲ್ಲದ ಕೋಳಿಮಾಂಸದಲ್ಲಿ ಇನ್ನೂ ಕಡಿಮೆ, ರಂಜಕ ಮಾತ್ರ ಬಹಳ. 20 ಕಿಲೋ ನಾಯಿಗೆ ದಿನಕ್ಕೆ ಬೇಕಾದದ್ದು 1 ಗ್ರಾಂಗಿಂತ ಹೆಚ್ಚು. ಬರೀ ಮಾಂಸ-ಅನ್ನ ತಿಂದ ಮರಿಯ ಮೈ ತನ್ನದೇ ಎಲುಬಿನಿಂದ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಕಾಲು ಸೊಟ್ಟಗಾಗುತ್ತದೆ, ಸೋಫಾದಿಂದ ಜಿಗಿದರೂ ಎಲುಬು ಮುರಿಯುತ್ತದೆ. ದೊಡ್ಡ ತಳಿಯ ಮರಿಗೆ ಇದು ಬಹಳ ಬೇಗ ಆಗುತ್ತದೆ. ಈ ಮಾತು ಹಸಿ ಖೀಮಾ ಹಾಕೋರಿಗೂ ಅಷ್ಟೇ ಅನ್ವಯ.

ಇನ್ನು ಸಾರು. ನಮ್ಮ ಮಟನ್ ಸಾರಿನಲ್ಲಿ ಏನಿಲ್ಲ? ಉಳ್ಳಾಗಡ್ಡಿ, ಬಳ್ಳೊಳ್ಳಿ, ಕಾರಾ, ಉಪ್ಪು, ಎಣ್ಣಿ. ಉಳ್ಳಾಗಡ್ಡಿ-ಬಳ್ಳೊಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ವಿಷ ಹೋಗುವುದಿಲ್ಲ. ಬೆಂದ ಎಲುಬು ಚೂಪಾಗಿ ಸೀಳಿ ಗಂಟಲು, ಕರುಳು ಚುಚ್ಚುತ್ತದೆ. ದ್ರಾಕ್ಷಿ, ಮಣುಕ ಕಿಡ್ನಿಗೆ ಕೆಟ್ಟದ್ದು. ಚಾಕೊಲೇಟ್ ಹೃದಯಕ್ಕೆ. ಮತ್ತೆ ಪ್ರೀತಿ ಉಕ್ಕಿ ಬಂದು ಕುಂದಾ ತಿನ್ನಿಸೋರು ಅದಾರ! ಕುಂದಾ ನಮ್ಮೂರ ಹೆಮ್ಮೆ, ಖರೆ. ಅಷ್ಟು ಸಕ್ಕರೆ, ಜಿಡ್ಡು ನಾಯಿಗೆ ಬ್ಯಾಡ.

ಭಾಗ 8/10: ಅಡಿಗಿಮನಿಯಾಗ ಮಾಂಸ ನಡಿಯದ ಮನಿ

ಇದನ್ನು ಯಾರೂ ಬಾಯಿಬಿಟ್ಟು ಹೇಳಂಗಿಲ್ಲ. ನಾನು ಹೇಳ್ತೀನಿ.

ನಮ್ಮೂರಲ್ಲಿ ಲಿಂಗಾಯತ, ಜೈನ, ಬ್ರಾಹ್ಮಣ ಮನೆಗಳಲ್ಲಿ ಬೇಕಾದಷ್ಟು ನಾಯಿಗಳಿವೆ. ಮನೆಯ ಒಲೆ ಮೇಲೆ ಮಾಂಸ ಏರುವಂತಿಲ್ಲ. ಹುಡುಗರಿಗೆ ನಾಯಿ ಮೇಲೆ ಪ್ರೀತಿ, ಹಿರಿಯರಿಗೆ ಮಡಿ. ಆಗ ಆಗೋದೇನು? ಅಂಗಡಿಯಿಂದ ಹಸಿ ಕೋಳಿ ತಂದು, ಹಿತ್ತಲಲ್ಲಿ ಚೀಲ ಬಿಚ್ಚಿ ಹಂಗೇ ಹಾಕೋದು. ಹಸಿ ಮಾಂಸದ ಸಿದ್ಧಾಂತ ನಂಬಿ ಹಾಕೋದಲ್ಲ, ಬೇಯಿಸಾಕ ಜಾಗ ಇಲ್ಲ ಅಂತ ಹಾಕೋದು. ಆಮ್ಯಾಲ ರೀಲ್‌ನಿಂದ ಒಂದು ಕಾರಣ ಸಿಗತೈತಿ: "ಇದೇ ನ್ಯಾಚುರಲ್".

ಮನೆಯ ಆಚಾರಕ್ಕೆ ನನ್ನ ತಕರಾರಿಲ್ಲ. ಆದ್ರ ಮಾಂಸ ಒಲೆ ಮ್ಯಾಲೆ ಬಂದ್ರ ಮೈಲಿಗೆ, ಅದೇ ಹಸಿ ಮಾಂಸ ತಿಂದ ನಾಯಿ ಬಂದು ಹಾಸಿಗೆ ಮ್ಯಾಲೆ ಮಲಗಿದ್ರ ಮಡಿ ಹೆಂಗ?

ದಾರಿಗಳು ಅದಾವ. ಹಿತ್ತಲಲ್ಲೋ, ಮಾಳಿಗೆ ಮೇಲೋ ನಾಯಿಗಾಗಿಯೇ ಒಂದು ಸಣ್ಣ ಇಂಡಕ್ಷನ್ ಒಲೆ, ಒಂದು ಬೇರೆ ಕುಕ್ಕರ್ ಇಡಬಹುದು. ಅದೂ ಬೇಡ ಅಂದರೆ ಪಶುವೈದ್ಯರನ್ನು ಕೇಳಿ, "ಸಂಪೂರ್ಣ ಆಹಾರ" ಅಂತ ಬರೆದ ಪ್ಯಾಕೆಟ್ ಕೊಡಬಹುದು. ಸೋಯಾ, ಬ್ಯಾಳಿ, ಪನೀರ್ ಇಟ್ಟುಕೊಂಡು ಸಸ್ಯಾಹಾರ ಮಾಡಬೇಕು ಅನ್ನೋರಿಗೆ: ನಾಯಿಗೆ ಅದು ಸಾಧ್ಯ, ಆದರೆ ಬಹಳ ಲೆಕ್ಕದ ಕೆಲಸ, ಪೂರಕ ವಿಟಮಿನ್-ಖನಿಜ ಇಲ್ಲದೆ ಆಗುವುದಿಲ್ಲ. ಹಾಲು ಕುಡಿದರೆ ಭೇದಿ ಆಗೋ ದೊಡ್ಡ ನಾಯಿಗಳು ಬಹಳ, ಅದನ್ನೂ ನೋಡ್ರಿ. ಬೆಕ್ಕಿಗೆ ಮಾತ್ರ ಸಸ್ಯಾಹಾರದ ಪ್ರಯೋಗ ಮಾಡಲೇಬ್ಯಾಡ್ರಿ. ಮಾಂಸದಲ್ಲಿರೋ ಟಾರಿನ್ ಸಾಲದಿದ್ದರೆ ಅದರ ಕಣ್ಣು, ಹೃದಯ ಎರಡೂ ಹಾಳಾಗುತ್ತವೆ.

ಮನೆಯಲ್ಲಿ ಈ ಮಾತು ಎತ್ತೋದು ಕಷ್ಟ ಅಂತ ಗೊತ್ತು. ಅಪ್ಪಾಜಿ ಮುಂದೆ "ಮಾಳಿಗೆ ಮ್ಯಾಲೆ ಕೋಳಿ ಬೇಯಿಸಲೇನು?" ಅಂತ ಕೇಳೋಕ್ಕಿಂತ ಹಸಿ ಚೀಲ ಹಿತ್ತಲಿಗೆ ಒಗೆಯೋದು ಸಸಾರ. ನಾಯಿ ಸಾಕೋದು ಅಂದ್ರ ಆ ಕಷ್ಟದ ಮಾತೂ ಸೇರಿ.

ಭಾಗ 9/10: ಡಿಎಂನಾಗ ಬರೋ ಪ್ರಶ್ನೆಗಳಿಗೆ ಮೊದಲೇ ಉತ್ತರ

"ನಮ್ಮ ನಾಯಿ ಮೂರು ವರ್ಷದಿಂದ ಹಸಿ ತಿಂತೈತಿ, ಏನೂ ಆಗಿಲ್ಲ." ಹೆಲ್ಮೆಟ್ ಇಲ್ಲದೆ ಮೂರು ವರ್ಷ ಗಾಡಿ ಓಡಿಸಿದವನೂ ಇದನ್ನೇ ಹೇಳ್ತಾನ. ನಾಯಿಗೆ ಏನೂ ಆಗದೆ ಇರಬಹುದು. ಅದು ಮನೆಯವರಿಗೆ ಏನು ಹಂಚಿತು ಅಂತ ನೀವು ಪರೀಕ್ಷೆ ಮಾಡಿಸಿಲ್ಲ.

"ಕೂದಲು ಎಷ್ಟು ಮಿಂಚತಾವ ನೋಡು!" ಮಿಂಚುತ್ತವೆ. ಮಾಂಸದಲ್ಲಿ ಕೊಬ್ಬು, ಪ್ರೋಟೀನ್ ಹೆಚ್ಚಿದೆ. ಅದೇ ಮಾಂಸ ಬೇಯಿಸಿ, ಬೆಂದ ನೀರಿನ ಸಮೇತ ಹಾಕಿದರೂ ಮಿಂಚುತ್ತವೆ.

"ಫ್ರೀಜರ್‌ನಾಗ ಇಟ್ಟು ಹಾಕ್ತೀನಿ." ಮೈನಸ್ 20 ಡಿಗ್ರಿಯಲ್ಲಿ ಹಲವು ದಿನ ಇಟ್ಟರೆ ಹೈಡಾಟಿಡ್‌ನಂಥ ಗುಳ್ಳೆಯ ಹುಳ ಸಾಯುತ್ತವೆ. ಸಾಲ್ಮೊನೆಲ್ಲಾ, ಲಿಸ್ಟೀರಿಯಾ ಸಾಯುವುದಿಲ್ಲ, ಮಲಗಿರುತ್ತವೆ. ಬಿಸಿ ತಾಗಿದ ಕೂಡಲೇ ಏಳುತ್ತವೆ. ಅದೂ ಅಲ್ಲದೆ, ಮಳೆಗಾಲದಾಗ ಕರೆಂಟ್ ಹೋದ್ರ ಮನಿ ಫ್ರಿಜ್ ಎಷ್ಟು ಹೊತ್ತು ಮೈನಸ್ 20 ಇರತೈತಿ?

"ಹಕ್ಕಿಜ್ವರಕ್ಕೂ ನಾಯಿಗೂ ಏನು ಸಂಬಂಧ?" ನಾಯಿಗಿಂತ ಬೆಕ್ಕಿನ ಜಾತಿಗೆ ಹೆಚ್ಚು. 2024ರ ಡಿಸೆಂಬರ್‌ನಲ್ಲಿ ನಾಗಪುರದ ಗೋರೆವಾಡಾ ರಕ್ಷಣಾ ಕೇಂದ್ರದಲ್ಲಿ ಮೂರು ಹುಲಿ, ಒಂದು ಚಿರತೆ ಎಚ್5ಎನ್1ನಿಂದ ಸತ್ತವು. ತಿಂದ ಕೋಳಿಮಾಂಸದ ಮೇಲೆ ಅನುಮಾನ ಬಂತು. ಮನೆಯಲ್ಲಿ ನಾಯಿ ಜೊತೆ ಬೆಕ್ಕೂ ಇದ್ದರೆ, ಒಂದೇ ಬಟ್ಟಲಿಗೆ ಬಾಯಿ ಹಾಕುತ್ತಿದ್ದರೆ, ಯೋಚಿಸ್ರಿ.

"ಪ್ಯಾಕೆಟ್ ಕಂಪನಿಗಳು ಭಾಳ ಸಾಚಾ ಏನು?" ಅಲ್ಲ. 2007ರಲ್ಲಿ ಅಮೆರಿಕದಲ್ಲಿ ಮೆಲಮೈನ್ ಬೆರೆತ ಪ್ಯಾಕೆಟ್ ತಿಂದು ನಾಯಿ-ಬೆಕ್ಕುಗಳು ಕಿಡ್ನಿ ಹಾಳಾಗಿ ಸತ್ತವು. 2018ರಲ್ಲಿ "ಧಾನ್ಯ ಇಲ್ಲದ" ಪ್ಯಾಕೆಟ್‌ಗಳಿಗೂ ನಾಯಿಗಳ ಹೃದಯದ ಕಾಯಿಲೆಗೂ ಸಂಬಂಧ ಇದೆಯಾ ಅಂತ ಎಫ್‌ಡಿಎ ತನಿಖೆ ಶುರು ಮಾಡಿತು. ಕಂಪನಿಗಳನ್ನು ಪ್ರಶ್ನೆ ಮಾಡ್ರಿ, ನಾನೂ ಜೊತೆಗೆ ಬರ್ತೀನಿ. ಆದ್ರ ಕಂಪನಿ ಕೆಟ್ಟದ್ದು ಅನ್ನೋದರಿಂದ ಕಪ್ಪು ಚೀಲ ಒಳ್ಳೇದು ಅಂತ ಆಗಂಗಿಲ್ಲ.

"ನಿನಗ್ಯಾಕ? ನನ್ನ ನಾಯಿ, ನನ್ನ ರೊಕ್ಕ." ನಿಮ್ಮ ನಾಯಿ ಹೊರಗೆ ಹೋಗೋದು ಓಣಿಯ ರಸ್ತೆಗೆ. ಅಲ್ಲಿ ಆಡೋದು ನಮ್ಮ ತಮ್ಮ-ತಂಗಿ.

ಭಾಗ 10/10: ಬಟ್ಟಲದಾಗ ಏನಿರಬೇಕು

ಬೈದದ್ದು ಸಾಕು. ಈಗ ಕೆಲಸ.

ಮರಿಗೆ, ಬಸುರಿ ನಾಯಿಗೆ, ಹಾಲೂಡೋ ನಾಯಿಗೆ, ಕಿಡ್ನಿ-ಲಿವರ್ ತೊಂದರೆ ಇರೋ ನಾಯಿಗೆ ಮನೆಯಲ್ಲಿ ನೀವೇ ರೆಸಿಪಿ ಮಾಡಬ್ಯಾಡ್ರಿ. ಪಶುವೈದ್ಯರು ಬರೆದುಕೊಟ್ಟದ್ದು ಹಾಕ್ರಿ, ಇಲ್ಲಾ ಸಂಪೂರ್ಣ ಆಹಾರದ ಪ್ಯಾಕೆಟ್ ಹಾಕ್ರಿ.

ಆರೋಗ್ಯವಾಗಿರೋ ದೊಡ್ಡ ನಾಯಿಗೆ, ಡಾಕ್ಟರ್ ಹತ್ತಿರ ಮಾತು ಶುರು ಮಾಡಾಕ ಒಂದು ನಕ್ಷೆ:

• ಅರ್ಧದಷ್ಟು ಬೆಂದ ಕೋಳಿ, ಮೀನು ಅಥವಾ ತತ್ತಿ. ಎಲುಬು, ಮುಳ್ಳು ತೆಗೆದು. ವಾರಕ್ಕೆ ಒಂದೆರಡು ಸಲ ಸ್ವಲ್ಪ ಬೆಂದ ಕಲೇಜಿ, ದಿನಾ ಅಲ್ಲ.
• ಮೂರರಲ್ಲಿ ಒಂದು ಪಾಲು ಮೆತ್ತಗೆ ಬೆಂದ ನುಚ್ಚು, ಅನ್ನ ಅಥವಾ ರಾಗಿ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಜೋಳಕ್ಕಿಂತ ಬಹಳ ಹೆಚ್ಚು. ಆದರೂ ಅದೊಂದನ್ನೇ ನಂಬಿ ಕೂಡಬ್ಯಾಡ್ರಿ.
• ಉಳಿದ ಪಾಲು ಬೆಂದ ಕುಂಬಳಕಾಯಿ, ಗಜ್ಜರಿ, ಬೀನ್ಸ್. ಉಳ್ಳಾಗಡ್ಡಿ, ಬಳ್ಳೊಳ್ಳಿ, ಕಾರಾ ಇಲ್ಲ.
• ಕ್ಯಾಲ್ಸಿಯಂಗೆ ತತ್ತಿ ಸಿಪ್ಪೆ. ತೊಳೆದು, ಹತ್ತು ನಿಮಿಷ ಕುದಿಸಿ, ಒಣಗಿಸಿ, ಮಿಕ್ಸರ್‌ನಲ್ಲಿ ಹಿಟ್ಟಿನಷ್ಟು ನುಣ್ಣಗೆ ಮಾಡ್ರಿ. ಒಂದು ಟೀ ಚಮಚದಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ. 20 ಕಿಲೋ ನಾಯಿಗೆ ದಿನಕ್ಕೆ ಅರ್ಧ ಚಮಚಕ್ಕಿಂತ ಸ್ವಲ್ಪ ಹೆಚ್ಚು. ಮರಿಗೆ ಹೆಚ್ಚಾದರೂ ಕೆಟ್ಟದ್ದು, ಅದಕ್ಕೇ ಅಂದಾಜಿಗೆ ಸುರಿಬ್ಯಾಡ್ರಿ.
• ಜಿಂಕ್, ತಾಮ್ರ, ಅಯೋಡಿನ್, ವಿಟಮಿನ್ ಡಿ, ಇ. ಇವು ಅಡಿಗಿಮನಿಯಿಂದ ಪೂರ್ತಿ ಸಿಗೋದು ಕಷ್ಟ. ನಾಯಿಗಾಗಿಯೇ ಇರೋ ಪೂರಕವನ್ನು ಡಾಕ್ಟರ್ ಹೇಳಿದಷ್ಟು ಹಾಕ್ರಿ.

20 ಕಿಲೋ ನಾಯಿಗೆ ದಿನಕ್ಕೆ ಸುಮಾರು 1,000 ಕ್ಯಾಲೊರಿ. ತಿಂಗಳಿಗೊಮ್ಮೆ ತೂಕ ಮಾಡ್ರಿ. ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಕುಕ್ಕಬಾರದು.

ಕೋಳಿ ನಡುವೆ ಗುಲಾಬಿ ಬಣ್ಣ ಉಳಿಯಬಾರದು. ಕುಕ್ಕರ್ ಸೀಟಿ ಆದ್ರ ಆ ಚಿಂತೆ ಇಲ್ಲ. ನಾಯಿ ಪಾಲು ಮೊದಲೇ ತೆಗೆದಿಟ್ಟು, ಆಮ್ಯಾಲ ನಿಮ್ಮ ಒಗ್ಗರಣಿ ಹಾಕ್ರಿ. ಒಂದೇ ಒಲೆ, ಒಂದೇ ಕೋಳಿ, ಹದಿನೈದು ನಿಮಿಷದ ಕೆಲಸ.

ಇನ್ನೊಂದು ಹಸಿ ಮಾಂಸದ ರೀಲ್ ಬಂದ್ರ ಲೈಕ್ ಒತ್ತಬ್ಯಾಡ್ರಿ, ಬೈಯಲೂ ಬ್ಯಾಡ್ರಿ. ಕಮೆಂಟ್‌ನಾಗ ಒಂದೇ ಪ್ರಶ್ನೆ ಕೇಳ್ರಿ: "ಆ ಬಟ್ಟಲು ತಿಕ್ಕೋರು ಯಾರು?"

ಸೇವ್ ಮಾಡ್ರಿ, ನಾಯಿ ಇರೋ ದೋಸ್ತಗ ಕಳಸ್ರಿ. ವಾದ ಇದ್ರ ಕಮೆಂಟ್‌ನಾಗ ಬರ್ರಿ, ನಾನು ಇಲ್ಲೇ ಅದೀನಿ.

#ಬೇಯಿಸಿಹಾಕ್ರಿ #ಅಳೆದುಹಾಕ್ರಿ #ಬೆಳಗಾವಿ #ಖಾನಾಪುರ #ಕೋಟೆನಾಯಿಗಳು